ಗೆರೆ ಎಳೆಯುವ ಮುಂಚೆ ಬೀದಿ ಸುತ್ತಿ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಜನರಿಗೆ ಅತಿ ಹತ್ತಿರದ ಆಡಳಿತ ಎಂದರೆ ಪ್ಯಾರಿಷ್ ಕೌನ್ಸಿಲ್. ಚರ್ಚಿನ ಕೈಯಲ್ಲಿದ್ದ ಊರ ಉಸಾಬರಿಯನ್ನು 1894ರ ಕಾಯ್ದೆ ಚುನಾಯಿತರಿಗೆ ಒಪ್ಪಿಸಿತು. ಪ್ಯಾರಿಷ್‌ನ ಗಡಿ, ಸದಸ್ಯಬಲಗಳ ಪರಿಶೀಲನೆಯ ಅಧಿಕಾರ 2007ರ ಕಾಯ್ದೆಯಂತೆ ಮೇಲಿನ ಕೌನ್ಸಿಲ್‌ನದು. ಪ್ಯಾರಿಷ್ ಕೌನ್ಸಿಲ್ ಸದಸ್ಯನಾಗಿ ಅಂಥದೊಂದು ಪರಿಶೀಲನೆಯಲ್ಲಿ ಓಡಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ನಕ್ಷೆ ಬಿಚ್ಚುವ ಮುಂಚೆ ಬೀದಿ ಸುತ್ತಿ. ಹಳೆಯ ಗಡಿ ಹಳ್ಳ, ಹೊಲದ ಬೇಲಿ ಹಿಡಿದು ಸಾಗಿರುತ್ತದೆ. ಆ ಹೊಲದಲ್ಲೀಗ ಬಡಾವಣೆ ಎದ್ದಿರುತ್ತದೆ. ನಮ್ಮಲ್ಲಿ ಒಂದೇ ಬೀದಿಯ ಎಡಸಾಲು ನಮ್ಮದು, ಬಲಸಾಲು ಪಕ್ಕದ ಪ್ಯಾರಿಷ್‌ನದು. ರಸ್ತೆ ಹೆಪ್ಪುಗಟ್ಟಿದಾಗ ಎರಚಲು ಉಪ್ಪು ತುಂಬಿಟ್ಟ ಹಳದಿ ಪೆಟ್ಟಿಗೆ ಎಡಗಡೆ ಇದೆ, ಖರ್ಚು ನಮ್ಮದು. ಬಲಸಾಲಿನವರೂ ಅದರಿಂದಲೇ ಉಪ್ಪು ತೋಡುತ್ತಾರೆ, ಮಕ್ಕಳನ್ನು ನಮ್ಮ ಆಟದ ಬಯಲಿಗೇ ಕರೆತರುತ್ತಾರೆ. ತೆರಿಗೆ ಮಾತ್ರ ತಾವು ಕಾಲಿಡದ ಊರಿಗೆ ಕಟ್ಟುತ್ತಾರೆ. ಅವರದೇನೂ ತಪ್ಪಿಲ್ಲ; ಗೆರೆ ಅಲ್ಲಿರಬಾರದಿತ್ತು.

2. ದುಡ್ಡಿನ ಮಾತು ಮೊದಲೇ ಆಡಿ. ಪ್ಯಾರಿಷ್‌ನ ಖರ್ಚು ‘ಪ್ರಿಸೆಪ್ಟ್’ ಎಂಬ ಹೆಸರಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿಗೆ ಸೇರುತ್ತದೆ. ಹೊಸ ಕಟ್ಟಡಗಳ ಮೇಲೆ ಮೂಲಸೌಕರ್ಯ ಶುಲ್ಕ ಜಾರಿಯಲ್ಲಿರುವ ಕಡೆ ಅದರ ಶೇ 15 ಆ ಜಾಗದ ಪ್ಯಾರಿಷ್‌ಗೆ ಸಲ್ಲುತ್ತದೆ. ಊರವರು ಮತ ಹಾಕಿ ಒಪ್ಪಿದ ನೆರೆಹೊರೆ ಯೋಜನೆ ಜಾರಿಯಲ್ಲಿದ್ದರೆ ಶೇ 25. ಹಾಗಾಗಿ ಬಡಾವಣೆ ಬರುವ ಹೊಲದ ಮೇಲೆ ಎರಡೂ ಊರಿಗೆ ಕಣ್ಣಿರುತ್ತದೆ. ಊರಭಿಮಾನದ ಭಾಷಣದಲ್ಲಿ ಅದನ್ನು ಮುಚ್ಚಿಡಬೇಡಿ.

3. ಕೈಲಾಗದ್ದನ್ನು ಸ್ಪಷ್ಟವಾಗಿ ಹೇಳಿ. ನಮ್ಮ ಸಭೆಗಳಿಗೆ ಬರುವ ದೂರುಗಳಲ್ಲಿ ರಸ್ತೆ ಗುಂಡಿಯದೇ ಮೊದಲು. ಆದರೆ ರಸ್ತೆ ಕೌಂಟಿ ಕೌನ್ಸಿಲ್‌ನದು. ಮನೆ ಕಟ್ಟುವ ಪರವಾನಗಿಯಲ್ಲಿ ನಾವು ಅಭಿಪ್ರಾಯ ಕೊಡಬಹುದು, ತೀರ್ಮಾನ ನಮ್ಮದಲ್ಲ. ಸ್ಮಶಾನ, ಬಸ್ ತಂಗುದಾಣ, ಆಟದ ಬಯಲು, ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ನೆಲ, ಇಂಥವೇ ನಮ್ಮ ಪಾಲಿನವು. ಗ್ರಾಮ ಪಂಚಾಯಿತಿಗಿರುವಂತೆ ಸರ್ಕಾರ ಕಳಿಸಿದ ಪಿಡಿಒ ಇಲ್ಲಿಲ್ಲ. ಕೌನ್ಸಿಲ್ಲೇ ಸಂಬಳ ಕೊಟ್ಟು ಇಟ್ಟುಕೊಂಡ ಗುಮಾಸ್ತರು, ಅನೇಕ ಕಡೆ ಅರೆಕಾಲಿಕರು. ಗಡಿ ಹಿಗ್ಗಿದರೆ ಕೆಲಸ ಹೆಚ್ಚುವುದು ಅವರಿಗೇ. ಅವರನ್ನು ಕೇಳದೆ ಮುಂದುವರಿಯಬೇಡಿ.

4. ಪುಟ್ಟ ಊರನ್ನು ದೊಡ್ಡದಕ್ಕೆ ಸೇರಿಸಲು ಅವಸರಪಡಬೇಡಿ. 150ಕ್ಕಿಂತ ಕಡಿಮೆ ಮತದಾರರಿದ್ದರೆ ಹೊಸದಾಗಿ ಕೌನ್ಸಿಲ್ ರಚಿಸುವಂತಿಲ್ಲ, ನಿಜ. ಆದರೂ ಮತದಾರರೆಲ್ಲ ನೇರವಾಗಿ ಕೂರುವ ಪ್ಯಾರಿಷ್ ಸಭೆ ಇದ್ದೇ ಇದೆ. ನನಗೆ ಅದರ ಮೇಲೆ ಬಹಳ ಗೌರವ.

5. ಮೇಲಿನವರು ತಾವಾಗಿ ಪರಿಶೀಲನೆ ಶುರುಮಾಡಲಿ ಎಂದು ಕಾಯಬೇಡಿ. 500ರಿಂದ 2,500 ಮತದಾರರಿರುವ ಕಡೆ 187 ಸಹಿ ಇದ್ದರೆ ಅರ್ಜಿ ಊರ್ಜಿತ. ಅದು ಕೈಸೇರಿದ 12 ತಿಂಗಳೊಳಗೆ ಪರಿಶೀಲನೆ ಮುಗಿಯಬೇಕು. ಸಹಿಗೆ ಹೊರಟಾಗ ಬೀದಿಯ ಎರಡೂ ಸಾಲಿನ ಬಾಗಿಲು ತಟ್ಟಿ, ಗಡಿ ಬದಲಾದರೆ ಬಿಲ್ಲು ಎಷ್ಟು ಏರುತ್ತದೆ, ಇಳಿಯುತ್ತದೆ ಎಂಬ ಲೆಕ್ಕ ಕೈಯಲ್ಲಿರಲಿ.