ಬೇವಿನ ಬೀಜದ ಲೆಕ್ಕ: ಒಂದು ಸಾಬೂನಿಗೆ ಎಷ್ಟು ಪೈಸೆ?

ಯಾದಗಿರಿಯಿಂದ ಶಹಾಪುರ, ಅಲ್ಲಿಂದ ಸುರಪುರದ ದಾರಿ ಹಿಡಿದವರಿಗೆ ಬೇವಿನ ಗಿಡ ಹೊಸದಲ್ಲ. (ನಮ್ಮ ಕಡೆ ಎಷ್ಟೇ ದೊಡ್ಡ ಮರ ಆದರೂ ಅದು ‘ಗಿಡ’ನೇ.) ಹೊಲದ ಬದು, ಗುಡಿ ಕಟ್ಟೆ, ರಸ್ತೆ ಅಂಚು, ಎಲ್ಲಾ ಕಡೆ ಅದ. ಬೇಸಿಗೆ ಮುಗಿದು ಮಳಿ ಶುರುವಾಗೋ ಹೊತ್ತಿಗೆ ಹಣ್ಣು ಉದುರ್ತಾವ. ಆರಿಸಿ, ಒಣಗಿಸಿ, ಚೀಲ ತುಂಬಿ ಕೊಟ್ಟರೆ ಅಷ್ಟಿಷ್ಟು ರೊಕ್ಕ. ಹಾಸ್ಟೆಲ್‌ನಲ್ಲಿ ನಾವು ಹಚ್ಚಿಕೊಳ್ಳೋ ಬೇವಿನ ಸಾಬೂನಿನ ಎಣ್ಣೆ ಬರೋದು ಇಂಥ ಬೀಜದಿಂದಲೇ.

ಬೀಜ ಆರಿಸಿದವರಿಗೆ ಸಿಗೋ ಬೆಲೆ ನ್ಯಾಯವಾದದ್ದೇ? ‘ನ್ಯಾಯಯುತ ವ್ಯಾಪಾರ’ ಅನ್ನೋ ಚಳವಳಿ ಕೇಳೋದು ಇದನ್ನೇ. ನೆದರ್ಲೆಂಡ್ಸ್‌ನಲ್ಲಿ 1988ರಲ್ಲಿ ಕಾಫಿಗೆ ‘ಮ್ಯಾಕ್ಸ್ ಹಾವೆಲಾರ್’ ಮುದ್ರೆ ಬಂತು. ಇವತ್ತು ಅಂಥ ಮುದ್ರೆಗಳ ಹಿಂದೆ ಮುಖ್ಯವಾಗಿ ಎರಡು ವಿಚಾರ ಇವೆ. ಮಾರುಕಟ್ಟೆ ಕುಸಿದರೂ ಕೊಡಲೇಬೇಕಾದ ಕನಿಷ್ಠ ಬೆಲೆ ಒಂದು. ಅದರ ಮೇಲೆ ಸಂಘಕ್ಕೆ ಸೇರೋ ಹೆಚ್ಚುವರಿ ಮೊತ್ತ ಇನ್ನೊಂದು. ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಬೆಳೆದವರೇ ಸೇರಿ ತೀರ್ಮಾನಿಸ್ತಾರೆ. ಪೊಟ್ಟಣದ ಮೇಲೆ ‘ನೈಸರ್ಗಿಕ’ ಅಂತ ಬರೆದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಪದ ಪದಾರ್ಥದ ಬಗ್ಗೆ ಹೇಳ್ತದ, ದರದ ಬಗ್ಗೆ ಅಲ್ಲ.

ಈಗ ಲೆಕ್ಕ ಮಾಡೋಣ ಬರ್ರಿ. ಸಾಮಾನ್ಯ ಅಂದಾಜಿನಂತೆ 30 ಕಿಲೋ ಒಣಬೀಜದಿಂದ ಸುಮಾರು 6 ಕಿಲೋ ಎಣ್ಣೆ, 24 ಕಿಲೋ ಹಿಂಡಿ ಸಿಗ್ತದ. ಅಂದರೆ ಎಣ್ಣೆ ಐದರಲ್ಲಿ ಒಂದು ಪಾಲು. 100 ಗ್ರಾಂ ಸಾಬೂನಿನಲ್ಲಿ 5 ಗ್ರಾಂ ಬೇವಿನೆಣ್ಣೆ ಇದೆ ಅಂತ ಹಿಡಿಯೋಣ; ಅದಕ್ಕೆ ಬೇಕಾದ ಬೀಜ 25 ಗ್ರಾಂ. ಬೀಜದ ದರ ಕಿಲೋಗೆ 20 ರೂಪಾಯಿ, ಸಾಬೂನಿನ ಬೆಲೆ 60 ರೂಪಾಯಿ ಅಂತ ಇಟ್ಟುಕೊಂಡರೆ, ಒಂದು ಸಾಬೂನಿನಲ್ಲಿರೋ ಬೀಜದ ಬೆಲೆ 50 ಪೈಸೆ! ಅದರಲ್ಲೂ ಹಿಂಡಿ ಗೊಬ್ಬರವಾಗಿ ಮಾರಾಟ ಆಗ್ತದ, ಆ ರೊಕ್ಕ ಬೇರೆ. ದರವನ್ನು 40ಕ್ಕೆ ಏರಿಸಿದರೂ ಸಾಬೂನಿಗೆ ಬೀಳೋ ಹೊರೆ ಇನ್ನೊಂದು 50 ಪೈಸೆ, ನೂರಕ್ಕೆ ಒಂದು ಪಾಲೂ ಅಲ್ಲ. ಆದರೆ ಬೀಜ ಆರಿಸಿದಾಕಿಯ ಕೂಲಿ ಎರಡರಷ್ಟಾಗ್ತದ. ‘ನ್ಯಾಯದ ಬೆಲೆ ಕೊಟ್ಟರೆ ಸಾಬೂನು ತುಟ್ಟಿ ಆಗ್ತದ’ ಅನ್ನೋರ ಮುಂದೆ ಈ ಲೆಕ್ಕ ಇಡಬೇಕು. ನಾನು ಊಹಿಸಿಕೊಂಡ ಅಂಕಿಗಳ ಜಾಗದಲ್ಲಿ ನಿಮ್ಮೂರಿನ ನಿಜವಾದ ದರ ಹಾಕಿ ನೋಡ್ರಿ.

ಬೇವಿನ ಹೆಸರಲ್ಲಿ ನಾವು ದೊಡ್ಡ ಹೋರಾಟವನ್ನೂ ಗೆದ್ದಿದ್ದೇವೆ. ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯೋ ವಿಧಾನಕ್ಕೆ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆ ಪಡೆದಿದ್ದ ಪೇಟೆಂಟನ್ನು ಯುರೋಪಿನ ಪೇಟೆಂಟ್ ಕಚೇರಿ 2000ದಲ್ಲಿ ರದ್ದು ಮಾಡಿತು. 2005ರಲ್ಲಿ ಮೇಲ್ಮನವಿಯೂ ಬಿತ್ತು. ಹೆಮ್ಮೆಯ ವಿಷಯವೇ. ಆದರೆ ಪೇಟೆಂಟ್ ರದ್ದಾದರೆ ಚೀಲದ ದರ ತಾನಾಗಿ ಏರೋದಿಲ್ಲ. ಯೂರಿಯಾಕ್ಕೆ ಬೇವಿನೆಣ್ಣೆ ಲೇಪನವನ್ನು ಕೇಂದ್ರ ಸರ್ಕಾರ 2015ರಲ್ಲಿ ಕಡ್ಡಾಯ ಮಾಡಿತು. ಗುಜರಾತಿನ ಜಿಎನ್‌ಎಫ್‌ಸಿ ಗೊಬ್ಬರ ಕಂಪನಿ ಅದೇ ನೆಪದಲ್ಲಿ ಹಳ್ಳಿ ಹೆಂಗಸರಿಂದ ಬೀಜ ಕೊಂಡು, ಬೇವಿನ ಸಾಬೂನನ್ನೂ ಮಾರಾಟಕ್ಕೆ ತಂತು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ನಮ್ಮ ರಾಜ್ಯದಲ್ಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳಗಳನ್ನು ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರಿದವರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕೂ ಸಿಕ್ಕಿತು. ಬದುವಿನ ಬೇವಿಗೆ ಆ ಕಾಯ್ದೆ ಹೊಂದೋದಿಲ್ಲ, ಗಿಡ ಹೊಲದವರದ್ದು. ಹಾಗಾಗಿ ಇಲ್ಲಿ ಕೆಲಸಕ್ಕೆ ಬರೋದು ಸಂಘ, ತಕ್ಕಡಿ ಮತ್ತು ಒಣಗಿಸೋ ಜಾಗ.

ಒಣಗಿಸೋದು ಯಾಕಷ್ಟು ಮುಖ್ಯ? ಹಣ್ಣಿನ ತಿರುಳು ತೊಳೆಯದೆ, ಹಸಿ ಇರುವಾಗಲೇ ಚೀಲ ಕಟ್ಟಿದರೆ ಬೀಜಕ್ಕೆ ಬೂಷ್ಟು ಹಿಡೀತದ, ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚಾಗ್ತದ. ಮಳಿ ತಲೆ ಮೇಲೆ ಬಂದಾಗ ಒಣ ಜಾಗ ಇಲ್ಲದಾಕಿ ಕೇಳಿದ ದರಕ್ಕೆ ಕೊಟ್ಟು ಬಿಡ್ತಾಳೆ. ಕೊಳ್ಳುವವನು ಬೀಜ ಕೈಯಲ್ಲಿ ಹಿಡಿದು ‘ಹಸಿ ಅದ’ ಅಂದರೆ ಮುಗೀತು, ದರ ಇಳೀತು. ಅವನ ಮಾತು ಸುಳ್ಳು ಅಂತಲ್ಲ. ಅಳತೆ ಅವನೊಬ್ಬನ ಕೈಯಲ್ಲಿದೆ, ತಕರಾರು ಅಷ್ಟೇ.

ಇದು ನಮ್ಮ ಕೆಲಸ. ಮೆಕ್ಯಾನಿಕಲ್‌ನವರಿಗೆ ತಿರುಳು ಬಿಡಿಸೋ ಸಣ್ಣ ಯಂತ್ರ, ಸಿವಿಲ್‌ನವರಿಗೆ ಗಾಳಿಯಾಡೋ ನೆರಳಿನ ಒಣಕಟ್ಟೆ, ಎಲೆಕ್ಟ್ರಾನಿಕ್ಸ್‌ನವರಿಗೆ ಅಗ್ಗದ ತೇವಾಂಶ ಮಾಪಕ. ಎಣ್ಣೆಯ ಆಮ್ಲಸಂಖ್ಯೆಗೆ ಕೆಮಿಸ್ಟ್ರಿ ಲ್ಯಾಬಿನ ಬ್ಯೂರೆಟ್ಟೇ ಸಾಕು: 1 ಗ್ರಾಂ ಎಣ್ಣೆಯ ಬಿಡಿ ಆಮ್ಲವನ್ನು ತಟಸ್ಥ ಮಾಡಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು ಅನ್ನೋದೇ ಆ ಸಂಖ್ಯೆ. ಬೇವಿನೆಣ್ಣೆ ಕಪ್ಪುಗಂದು, ಫಿನಾಫ್ತಲೀನಿನ ಗುಲಾಬಿ ಸರಿಯಾಗಿ ಕಾಣಲ್ಲ. ಎಣ್ಣೆ ಕಡಿಮೆ, ದ್ರಾವಕ ಜಾಸ್ತಿ ತಗೋಬೇಕು.

ಪರೀಕ್ಷೆಗೆ ಮುಂಚೆ ಒಂದೇ ಚೀಲದ ಬೀಜವನ್ನು ಎರಡು ಪೊಟ್ಟಣ ಮಾಡಿ, ಇಬ್ಬರೆದುರೇ ಸೀಲ್ ಮಾಡಿರಿ. ಒಂದು ಕೊಳ್ಳುವವನಿಗೆ, ಇನ್ನೊಂದು ಬೀಜ ತಂದಾಕಿಗೆ.