ಅಳೆಯುವ ಸಾಧನಕ್ಕೂ ಪರೀಕ್ಷೆ ಬೇಕು

ಮಾಪನವಿಲ್ಲದೆ ವಿಜ್ಞಾನವಿಲ್ಲ. ಆದರೆ ಅಳೆಯುವ ಸಾಧನವೇ ತಪ್ಪಿದ್ದರೆ ಎಷ್ಟು ಸಲ ಅಳೆದರೂ ನಿಜ ದೊರೆಯದು. ಕಣ್ಣಿನ, ಕೈಯ ಅಸ್ಥಿರತೆಯಿಂದಾಗುವ ದೋಷವು ಹಲವು ಸಲ ಅಳೆದು ಸರಾಸರಿ ತೆಗೆದರೆ ತಗ್ಗುತ್ತದೆ. ಸಾಧನದಲ್ಲಿಯೇ ನೆಲೆಸಿದ ದೋಷವಾದರೋ ಪ್ರತಿ ಸಲವೂ ಒಂದೇ ಕಡೆಗೆ ಎಳೆಯುತ್ತದೆ. ಅದನ್ನು ಅರಿಯಲು ಸಾಧನವನ್ನು ನಂಬಲರ್ಹವಾದ ಪ್ರಮಾಣದೊಡನೆ ಹೋಲಿಸಿ ನೋಡಬೇಕು. ಈ ಕ್ರಿಯೆಗೆ ಅಂಶಶೋಧನೆಯೆಂದು ಹೆಸರು.

ಇದಕ್ಕೆ ಬೆಂಗಳೂರಿನಲ್ಲಿಯೇ ಉತ್ತಮ ನಿದರ್ಶನವುಂಟು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಅವರು ಭೂಮಾಪನಕ್ಕಾಗಿ ಇಲ್ಲಿ ಏಳು ಮೈಲಿಗೂ ಮೀರಿದ ಆಧಾರರೇಖೆಯೊಂದನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದರು. ಉಷ್ಣತೆಯು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅಂಥ ಸರಪಳಿ ಸುಮಾರು 0.35 ಮಿಲಿಮೀಟರ್ ಹಿಗ್ಗುತ್ತದೆ. ಇದನ್ನು ಅಲ್ಪವೆಂದು ಉಪೇಕ್ಷಿಸಿದರೆ ಇಡೀ ರೇಖೆಯಲ್ಲಿ ಸುಮಾರು 14 ಸೆಂಟಿಮೀಟರ್ ತಪ್ಪಾಗುತ್ತದೆ. ಆದಕಾರಣ ಸರಪಳಿಯ ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಲೆಕ್ಕವನ್ನು ತಿದ್ದಲಾಯಿತು. ಬಳಕೆಯಿಂದ ಸವೆದು ಉದ್ದ ಬದಲಾಗಿದೆಯೇ ಎಂದು ತಿಳಿಯಲು ಇಂಥ ಸರಪಳಿಯನ್ನು ಹೋಲಿಸಿ ನೋಡುವುದೂ ಅಗತ್ಯ.

1867–68ರಲ್ಲಿ ನಗರದ ಉತ್ತರಕ್ಕೆ, ಇಂದಿನ ಮೇಖ್ರಿ ವೃತ್ತದಿಂದ ಕಣ್ಣೂರಿನವರೆಗೆ, ಹೊಸ ಆಧಾರರೇಖೆಯನ್ನು ಅಳೆದಾಗ ಬಳಸಿದ್ದು ಕಾಲ್ಬಿ ದಂಡಗಳನ್ನು. ಹಿತ್ತಾಳೆ ಮತ್ತು ಕಬ್ಬಿಣಗಳು ಹಿಗ್ಗುವ ವ್ಯತ್ಯಾಸದಿಂದಲೇ ದೋಷ ಸರಿದೂಗುವಂತೆ ಅವುಗಳನ್ನು ರಚಿಸಲಾಗಿತ್ತು. ಹಾಗಿದ್ದರೂ ಅವನ್ನು ಪ್ರಮಾಣದಂಡದೊಡನೆ ಹೋಲಿಸುವ ಕೆಲಸ ತಪ್ಪಲಿಲ್ಲ.

ಶೆಟ್ಟಿಹಳ್ಳಿಯ ಯಾವ ಶಾಲೆಯಲ್ಲಿಯೂ ಈ ಪಾಠವನ್ನು ಒಂದು ಉಷ್ಣಮಾಪಕದಿಂದ ಮಾಡಿ ತೋರಿಸಬಹುದು. ಮೊದಲು ಅದನ್ನು ಕರಗುತ್ತಿರುವ ಶುದ್ಧ ಮಂಜುಗಡ್ಡೆಯ ಪುಡಿಯಲ್ಲಿಯೂ, ಅನಂತರ ಕುದಿಯುವ ನೀರಿನ ಹಬೆಯಲ್ಲಿಯೂ ಇರಿಸಬೇಕು. ಅದು ಕ್ರಮವಾಗಿ 1 ಮತ್ತು 99 ಡಿಗ್ರಿ ತೋರಿಸಿತೆಂದು ಭಾವಿಸೋಣ. ಇಲ್ಲಿ ಎಚ್ಚರ ಅಗತ್ಯ. ಪಠ್ಯಪುಸ್ತಕದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆಯೆಂದಿರುವುದು ಸಮುದ್ರಮಟ್ಟದ ವಾಯುಭಾರಕ್ಕೆ ಸಂಬಂಧಿಸಿದ ಮಾತು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ.

ಹೀಗೆ ಸಾಧನದ 98 ಅಂಶಗಳು ನಿಜವಾದ 97 ಡಿಗ್ರಿಗಳಿಗೆ ಸಮ. ಸಾಧನವು 50 ತೋರಿಸಿದಾಗ ಮೊದಲು ಶೂನ್ಯದೋಷವಾದ 1ನ್ನು ಕಳೆದು, ಉಳಿದ 49ನ್ನು 97ರಿಂದ ಗುಣಿಸಿ 98ರಿಂದ ಭಾಗಿಸಿದರೆ ನಿಜವಾದ ಉಷ್ಣತೆ 48.5 ಡಿಗ್ರಿ. ಕುದಿಬಿಂದುವನ್ನು 100 ಎಂದೇ ನಂಬಿ ಲೆಕ್ಕ ಹಾಕಿದ್ದರೆ ಉತ್ತರ ಸರಿಯಾಗಿ 50 ಬರುತ್ತಿತ್ತು. ಸಾಧನ ನಿರ್ದೋಷವೆಂಬ ಭ್ರಮೆಯೂ ಉಳಿಯುತ್ತಿತ್ತು! ಪ್ರಮಾಣವನ್ನೇ ತಪ್ಪಾಗಿ ತಿಳಿದರೆ ಪರೀಕ್ಷೆಯೂ ಮೋಸ ಮಾಡುತ್ತದೆ.

ಇಂದಿನ ಎಲೆಕ್ಟ್ರಾನಿಕ್ ಸಂವೇದಕಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಅಂಕಿಗಳು ಹೊಳೆದ ಮಾತ್ರಕ್ಕೆ ನಿಜವಾಗವು. ಕಾಲಕ್ರಮದಲ್ಲಿ ಅವೂ ದಾರಿ ತಪ್ಪುತ್ತವೆ. ಆದ್ದರಿಂದ ಉಪಾಧ್ಯಾಯರು ಪ್ರತಿ ಸಾಧನದ ಪೆಟ್ಟಿಗೆಯ ಮೇಲೆ ಪರೀಕ್ಷೆಯ ದಿನಾಂಕವನ್ನೂ ತಿದ್ದುಪಡಿಯ ಪಟ್ಟಿಯನ್ನೂ ಅಂಟಿಸುವುದು ಲೇಸು. ಹೊಸ ಉಪಕರಣಗಳನ್ನು ದಾನವಾಗಿ ನೀಡುವ ಮಹನೀಯರು ಅವುಗಳೊಡನೆ ಪರೀಕ್ಷಿತವಾದ ಒಂದು ಪ್ರಮಾಣ ಸಾಧನವನ್ನೂ ಒದಗಿಸಿದರೆ ಉಳಿದ ಎಲ್ಲ ಸಾಧನಗಳ ಬೆಲೆ ಹೆಚ್ಚುವುದು.