ಹಾಸ್ಟೆಲಿನ ಮೊದಲ ವರ್ಷ: ಸಂತ ಇಗ್ನೇಷಿಯಸರಿಂದ ಮೂರು ಪಾಠಗಳು



ಸಂತೆಕಲ್ಲೂರಿನಂತಹ ಊರುಗಳಿಂದ ಹಿಂದೆ ಹೆಚ್ಚಿನ ಓದಿಗೆ ಹೋಗುವುದೆಂದರೆ ದೂರದ ಧಾರವಾಡಕ್ಕೆ ಹೋಗಬೇಕಿತ್ತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಆರಂಭವಾಯಿತು. ಈಗ ರಾಯಚೂರಿಗೇ ಒಂದು ವಿಶ್ವವಿದ್ಯಾಲಯ ಬಂದಿದೆ. ಸಂವಿಧಾನದ 371-ಜೆ ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಸೀಟುಗಳಲ್ಲಿ ಮೀಸಲು ಪಾಲೂ ಉಂಟು. ಬಾಗಿಲು ತೆರೆದಿದೆ. ಆದರೆ ಒಳಗೆ ಹೋದವರು ಅಲ್ಲಿ ನಿಲ್ಲಬೇಕಲ್ಲ! ದಸರೆ ರಜೆಗೆಂದು ಊರಿಗೆ ಬಂದ ಹುಡುಗ ಮತ್ತೆ ಬಸ್ಸು ಹತ್ತದೆ ಉಳಿದುಬಿಡುವುದು, "ಇಂಗ್ಲಿಷ್ ತಿಳಿಯೂದಿಲ್ಲ" ಎಂದು ಹುಡುಗಿ ಪುಸ್ತಕ ಮುಚ್ಚಿಡುವುದು ಹಳ್ಳಿಯ ಮನೆಗಳಿಗೆ ಹೊಸದೇನಲ್ಲ. ಹೀಗೆ ಬಿಟ್ಟವರಲ್ಲಿ ಬುದ್ಧಿ ಕಡಿಮೆ ಇತ್ತೆಂದಲ್ಲ. ಕಷ್ಟವನ್ನು ಯಾರಿಗೂ ಹೇಳದೆ ಒಬ್ಬರೇ ಹೊತ್ತದ್ದೇ ಎಷ್ಟೋ ಸಲ ಕಾರಣ.

ನಮ್ಮ ಸೀಮೆಗೆ ಯೇಸುಸಭೆಯ ಗುರುಗಳು ಅಪರಿಚಿತರಲ್ಲ. ಮುದಗಲ್ಲಿನ ಕಥೋಲಿಕ ಸಮುದಾಯದ ಬೇರು 16ನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಆ ಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸರು ಒಮ್ಮೆ ಪರ ಊರಿನಲ್ಲಿ ಕಷ್ಟಪಟ್ಟು ಓದಿದ ವಿದ್ಯಾರ್ಥಿಯೇ ಆಗಿದ್ದರು. ಅವರ ಓದಿನ ದಿನಗಳಿಂದ ನಾವು ಮೂರು ಪಾಠ ಕಲಿಯಬಹುದು.

1. ಬಾರದ ಭಾಷೆಗೆ ನಾಚಬೇಡಿ

ಇಗ್ನೇಷಿಯಸರು ಸೈನಿಕರಾಗಿದ್ದವರು. ಓದಲು ಕುಳಿತಾಗ ವಯಸ್ಸು 33. ಆಗಿನ ವಿಶ್ವವಿದ್ಯಾಲಯಗಳಲ್ಲಿ ಪಾಠವೆಲ್ಲ ಲತೀನ್ ಭಾಷೆಯಲ್ಲಿ. ಅದು ಅವರಿಗೆ ಬಾರದು. ಬಾರ್ಸಿಲೋನಾದಲ್ಲಿ ವ್ಯಾಕರಣದಿಂದ ಆರಂಭಿಸಿದರು. ಮುಂದೆ ಅವಸರದಲ್ಲಿ ಹಲವು ವಿಷಯಗಳನ್ನು ಒಟ್ಟಿಗೆ ಓದಿದ್ದರಿಂದ ಯಾವುದೂ ಗಟ್ಟಿಯಾಗಲಿಲ್ಲ. 1528ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಬುನಾದಿ ಸಡಿಲವಾಗಿದೆಯೆಂದು ಕಂಡುಕೊಂಡು, ಸಣ್ಣ ಹುಡುಗರ ಜೊತೆ ಕುಳಿತು ಮತ್ತೆ ಮೊದಲಿನಿಂದ ಕಲಿತರು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಿಮಗೂ ಮೊದಲ ತಿಂಗಳುಗಳಲ್ಲಿ ಪಾಠ ತಲೆಯ ಮೇಲೆ ಹಾದುಹೋಗಬಹುದು. ಹಿಂದಿನ ಬೆಂಚಿಗೆ ಸರಿಯಬೇಡಿ. ತಿಳಿಯದ ಹತ್ತು ಪದಗಳನ್ನು ದಿನವೂ ಬರೆದು, ಪಕ್ಕದಲ್ಲಿ ಕನ್ನಡದ ಅರ್ಥ ಬರೆಯಿರಿ. ಅಧ್ಯಾಪಕರ ಬಳಿಗೆ ಅದೇ ದಿನ ಹೋಗಿ ಕೇಳಿ. ಮೊದಲ ಕಿರುಪರೀಕ್ಷೆಯ ಅಂಕ ಕಡಿಮೆ ಬಂದರೆ ಅದು ನಿಮ್ಮ ಹಣೆಬರಹವಲ್ಲ.

ಇನ್ನೊಂದು ಮಾತು. ವ್ಯಾಕರಣ ಬಾಯಿಪಾಠ ಮಾಡುವಾಗಲೆಲ್ಲ ಇಗ್ನೇಷಿಯಸರಿಗೆ ಭಕ್ತಿಯ ಹೊಸ ಹೊಸ ಯೋಚನೆಗಳು ಬರುತ್ತಿದ್ದವು. ಬಲಿಪೂಜೆಯಲ್ಲಿಯೂ ಬಾರದ ಯೋಚನೆಗಳು ಪಾಠದ ಹೊತ್ತಿಗೇ ಬರುವುದನ್ನು ಗಮನಿಸಿ, ಇದು ಶೋಧನೆಯೆಂದು ಅರಿತು, ಇನ್ನು ಪಾಠಕ್ಕೆ ತಪ್ಪುವುದಿಲ್ಲವೆಂದು ಗುರುಗಳಿಗೆ ಮಾತು ಕೊಟ್ಟರು. ಭಕ್ತಿಯ ಯೋಚನೆಯೇ ಓದಿಗೆ ಅಡ್ಡಿಯಾಗಬಹುದಾದರೆ, ಕೈಯಲ್ಲಿರುವ ಮೊಬೈಲಿನ ಮಾತೇನು? ಓದುವ ಹೊತ್ತಿನಲ್ಲಿ ಓದುವುದೇ ದೇವರಿಗೆ ಮೆಚ್ಚುಗೆ.

2. ರೊಕ್ಕದ ಲೆಕ್ಕ ಇಡಿ

ಪ್ಯಾರಿಸ್ಸಿನಲ್ಲಿ ಇಗ್ನೇಷಿಯಸರು ತಮ್ಮ ಹಣವನ್ನು ಜೊತೆಯಲ್ಲಿದ್ದ ಒಬ್ಬನ ಕೈಗೆ ಇಡಲು ಕೊಟ್ಟರು. ಅವನು ಅದನ್ನೆಲ್ಲ ಖರ್ಚು ಮಾಡಿದ. ಬಾಡಿಗೆಗೂ ಗತಿಯಿಲ್ಲದೆ ಅವರು ದೂರದ ಧರ್ಮಛತ್ರದಲ್ಲಿ ಉಳಿದರು. ಅದರ ಬಾಗಿಲು ತೆರೆಯುವ, ಮುಚ್ಚುವ ಸಮಯದಿಂದಾಗಿ ಪಾಠಗಳೂ ತಪ್ಪಿದವು. ಕೊನೆಗೆ ವರ್ಷಕ್ಕೊಮ್ಮೆ ಫ್ಲಾಂಡರ್ಸಿಗೆ ಹೋಗಿ ಅಲ್ಲಿನ ವರ್ತಕರಿಂದ ಇಡೀ ವರ್ಷಕ್ಕೆ ಬೇಕಾದಷ್ಟು ನೆರವು ಬೇಡಿ ತಂದು, ಉಳಿದ ತಿಂಗಳು ನಿಶ್ಚಿಂತೆಯಿಂದ ಓದಿದರು. ಹಣ ಕಳೆದವನು ಮುಂದೆ ಕಾಯಿಲೆ ಬಿದ್ದಾಗ ಅವನ ಸಹಾಯಕ್ಕೆ ನಡೆದುಕೊಂಡೇ ಹೋದರು!

ಕ್ಷಮಿಸುವುದನ್ನೂ ಕಲಿಯಿರಿ, ಲೆಕ್ಕ ಇಡುವುದನ್ನೂ ಕಲಿಯಿರಿ. ಎಟಿಎಂ ಕಾರ್ಡು, ಅದರ ಗುಪ್ತಸಂಖ್ಯೆ ಯಾರಿಗೂ ಕೊಡಬೇಡಿ. ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಮೊದಲೇ ಸಿದ್ಧವಿರಲಿ. ರಾಜ್ಯ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನವನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

3. ಒಬ್ಬರೇ ಇರಬೇಡಿ

1529ರಲ್ಲಿ ಇಗ್ನೇಷಿಯಸರಿಗೆ ಸಂತ ಬಾರ್ಬರಾ ಹೆಸರಿನ ಕಾಲೇಜಿನಲ್ಲಿ ಕೋಣೆ ಸಿಕ್ಕಿತು. ಅಲ್ಲಿ ಆಗಲೇ ಇಬ್ಬರು 23 ವರ್ಷದ ಯುವಕರಿದ್ದರು. ಒಬ್ಬರು ಬಾಲ್ಯದಲ್ಲಿ ಕುರಿ ಕಾಯ್ದ ಪೀಟರ್ ಫೇಬರ್. ಇನ್ನೊಬ್ಬರು ಹೆಸರು ಗಳಿಸುವ ಆಸೆಯ ಫ್ರಾನ್ಸಿಸ್ ಕ್ಸೇವಿಯರ್. ಫೇಬರರು ಇಗ್ನೇಷಿಯಸರಿಗೆ ಪಾಠ ಹೇಳಿಕೊಟ್ಟರು. ಇಗ್ನೇಷಿಯಸರು ಫೇಬರರ ಮನಸ್ಸಿನ ತಳಮಳಕ್ಕೆ ಸಮಾಧಾನ ಹೇಳಿದರು. ಕ್ಸೇವಿಯರರು ಅಷ್ಟು ಸುಲಭವಾಗಿ ಒಲಿಯಲಿಲ್ಲ. ಆದರೆ 1542ರಲ್ಲಿ ಗೋವೆಗೆ ಬಂದಿಳಿದವರು ಅವರೇ. ಒಂದೇ ಕೋಣೆಯ ಆ ಮೂವರೂ ಇಂದು ಸಂತರು.

ಕೋಣೆಯ ಗೆಳೆಯರು ಬೇರೆ ಜಾತಿ, ಧರ್ಮ, ಭಾಷೆಯವರಿರಬಹುದು. ಅವರಿಂದ ಕಲಿಯಿರಿ, ಅವರಿಗೆ ಕಲಿಸಿರಿ. ಮನೆಯಿಂದ ಬಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡರೆ ಅರ್ಧ ಗೆಳೆತನ ಆದಂತೆಯೇ. ಮೊದಲ ವಾರದಲ್ಲೇ ಹತ್ತಿರದ ಚರ್ಚು ಹುಡುಕಿ, ಭಾನುವಾರದ ಬಲಿಪೂಜೆಯ ಸಮಯ ತಿಳಿದುಕೊಂಡು, ಗುರುಗಳಿಗೆ ನಿಮ್ಮ ಹೆಸರು ಹೇಳಿ ಬನ್ನಿ. 1924ರಲ್ಲಿ ಹುಟ್ಟಿದ ಐಕಫ್ ಸಂಘಟನೆ ನಿಮ್ಮ ಕಾಲೇಜಿನಲ್ಲಿದ್ದರೆ ಸೇರಿಕೊಳ್ಳಿ.

ರ್‍ಯಾಗಿಂಗ್ ಸಹಿಸಬೇಕಾದ ಆಟವಲ್ಲ, ಅಪರಾಧ. ದೂರಿಗೆ 1800-180-5522. ಮನಸ್ಸು ತೀರಾ ಕುಗ್ಗಿದರೆ ಸರಕಾರದ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ನೆರವು ಕೇಳುವುದು ವಿಶ್ವಾಸದ ಕೊರತೆಯಲ್ಲ.

ತಂದೆತಾಯಿಗಳಿಗೆ

ಫೋನಿನಲ್ಲಿ "ಊಟ ಆತೇನು? ರೊಕ್ಕ ಅದಾವೇನು?" ಎಂದಷ್ಟೇ ಕೇಳಿ ಇಡಬೇಡಿ. "ಯಾವ ಪಾಠ ಕಷ್ಟ ಆಗೇತಿ? ಜೊತಿಗಾರರು ಹ್ಯಾಂಗ ಅದಾರ?" ಎಂದೂ ಕೇಳಿರಿ. ಅತ್ತರೆ ಅಳಲು ಬಿಡಿ. ಕೂಡಲೇ ಬೈಯಲೂ ಬೇಡಿ, ಕೂಡಲೇ ಕರೆಸಿಕೊಳ್ಳಲೂ ಬೇಡಿ. ಮಗಳು ಒಂದು ವಿಷಯದಲ್ಲಿ ಫೇಲಾದಳೆಂದು ಮದುವೆಯ ಮಾತು ತೆಗೆಯಬೇಡಿ. ಮಗನಿಗೆ ಕೊಡುವ ಎರಡನೆಯ ಅವಕಾಶ ಅವಳಿಗೂ ಸಲ್ಲಬೇಕು.

ಕುಟುಂಬ ಪ್ರಾರ್ಥನೆಗೆ

ಈ ವಾರ ದಾನಿಯೇಲನ ಗ್ರಂಥದ 1ನೇ ಅಧ್ಯಾಯ ಓದಿರಿ. ಪರದೇಶದಲ್ಲಿ ಮೂರು ವರ್ಷ ಪರಭಾಷೆ ಕಲಿಯಬೇಕಾದ ನಾಲ್ವರು ಯುವಕರ ಕಥೆ ಅದು. ಓದಿದ ಮೇಲೆ ಮಾತನಾಡಿಕೊಳ್ಳಿ:

* ಆ ನಾಲ್ವರು ಏನನ್ನು ಕಲಿತರು, ಯಾವುದನ್ನು ಬಿಟ್ಟುಕೊಡಲಿಲ್ಲ?
* ಒಬ್ಬರಿಗೊಬ್ಬರು ಹೇಗೆ ಆಸರೆಯಾದರು?
* ನಮ್ಮ ಓಣಿಯಿಂದ ಈ ವರ್ಷ ಕಾಲೇಜಿಗೆ ಹೋದ ಮಗುವಿಗೆ ಈ ವಾರ ಯಾರು ಫೋನ್ ಮಾಡುತ್ತೀರಿ?